ಸಿಲಿಯೇಟ್ ತಜ್ಞೆಗೆ ಕೇಳಿ: ಬಿಳಿ ಚುಕ್ಕೆ, ಎರಡು ಕೋಶಕೇಂದ್ರ, ಓಪಲೈನಾ

ಮೀನು ಸಾಕುವವರು: ಮೇಡಂ, ಮೀನಿನ ಮೈಮೇಲೆ ಬಿಳಿ ಚುಕ್ಕೆಗಳು ಬಂದಿವೆ. ಸ್ವಲ್ಪ ಕೆರೆದು ಮೈಕ್ರೋಸ್ಕೋಪ್‌ನಲ್ಲಿ ನೋಡಿದೆ. ದುಂಡಗಿನ ಜೀವಿಯೊಂದು ನಿಧಾನಕ್ಕೆ ಉರುಳುತ್ತಿದೆ. ಒಳಗೆ ಕುದುರೆ ಲಾಳದ ಆಕಾರ ಇದೆ. ಪ್ಯಾರಮೀಸಿಯಂ ತಾನೇ? ಫಾರ್ವರ್ಡ್ ಬಂದ ಹಾಗೆ ಚಿಟಿಕೆ ಬ್ಲೀಚಿಂಗ್ ಪೌಡರ್ ಹಾಕಲಾ?

ತಜ್ಞೆ: ಹಾಕಬೇಡಿ! ಕ್ಲೋರಿನ್ ಮೊದಲು ಸುಡುವುದು ಮೀನಿನ ಕಿವಿರನ್ನು. ನೀವು ಕಂಡದ್ದು ಪ್ಯಾರಮೀಸಿಯಂ ಅಲ್ಲ, ಇಕ್ತಿಯೋಫ್ತಿರಿಯಸ್. ಇದೂ ಸಿಲಿಯೇಟೇ, ಅಂದರೆ ಲೋಮಾಂಗ ಎಂಬ ಸಣ್ಣ ಕೂದಲಿನಂಥ ಎಳೆಗಳಿರುವ ಏಕಕೋಶ ಜೀವಿ. ಇದರ ಮೈತುಂಬ ಲೋಮಾಂಗಗಳಿವೆ. ಲಾಳದಂತೆ ಕಂಡದ್ದು ಅದರ ದೊಡ್ಡ ಕೋಶಕೇಂದ್ರ. ಚೆನ್ನಾಗಿ ಗಮನಿಸಿದ್ದೀರಿ, ಅದೇ ಇದರ ಗುರುತು.

ಈ ಜೀವಿ ಚರ್ಮದ ಮೇಲ್ಪದರದ ಅಡಿಯಲ್ಲಿ ಕೂತು ಮೀನಿನ ಕೋಶಗಳನ್ನೇ ತಿಂದು ಬೆಳೆಯುತ್ತದೆ. 1 ಮಿಲಿಮೀಟರ್ ತನಕ ಬಲಿಯಬಹುದು. ಆಮೇಲೆ ಮೀನನ್ನು ಬಿಟ್ಟು ತಳಕ್ಕಿಳಿದು, ಲೋಳೆಯ ಕವಚ ಕಟ್ಟಿಕೊಂಡು, ಒಳಗೇ ಒಡೆಯುತ್ತ ಹೋಗಿ ನೂರಾರು ಮರಿಗಳಾಗುತ್ತದೆ. ಮರಿಗಳು ಈಜಿಕೊಂಡು ಹೊಸ ಮೀನು ಹುಡುಕುತ್ತವೆ. ಔಷಧಿ ಸರಿಯಾಗಿ ತಾಗುವುದು ಆ ಈಜುವ ಹೊತ್ತಿನಲ್ಲಿ. ಅದಕ್ಕೇ ಚುಕ್ಕೆ ಹೋಯಿತು ಅಂತ ನಿಲ್ಲಿಸಿದರೆ ರೋಗ ಮತ್ತೆ ಬರುತ್ತದೆ. ಮೀನು ಮೇಲೆ ಬಂದು ಬಾಯಿ ಆಡಿಸುತ್ತಿದೆಯಾ? ನನಗೆ ಭಯ ಇರುವುದು ಕಿವಿರಿನ ಬಗ್ಗೆ.

ವಿದ್ಯಾರ್ಥಿನಿ: ಸಿಲಿಯೇಟ್‌ಗಳಿಗೆ ದೊಡ್ಡದು, ಚಿಕ್ಕದು ಅಂತ ಎರಡು ಬಗೆಯ ಕೋಶಕೇಂದ್ರ ಯಾಕೆ ಮೇಡಂ?

ತಜ್ಞೆ: ದೊಡ್ಡದು ದಿನನಿತ್ಯದ ಕೆಲಸಕ್ಕೆ, ಚಿಕ್ಕದು ವಂಶಕ್ಕೆ. ಎರಡು ಪ್ಯಾರಮೀಸಿಯಂ ಜೋಡಿಯಾದಾಗ ಚಿಕ್ಕದರ ಪಾಲನ್ನೇ ಪರಸ್ಪರ ಕೊಟ್ಟುಕೊಳ್ಳುತ್ತವೆ. ಹಳೆಯ ದೊಡ್ಡದು ಕರಗಿಹೋಗುತ್ತದೆ. ಹೊಸ ದೊಡ್ಡದೂ ಚಿಕ್ಕದರಿಂದಲೇ ಹುಟ್ಟುತ್ತದೆ.

ಸದಸ್ಯ 1: ಪ್ಯಾರಮೀಸಿಯಂ ಪ್ರಾಣಿಯಾ?

ತಜ್ಞೆ: ಅಲ್ಲ. ಪ್ರೋಟಿಸ್ಟ್, ಅಂದರೆ ಪ್ರಾಣಿ, ಸಸ್ಯ, ಶಿಲೀಂಧ್ರ ಯಾವುದೂ ಅಲ್ಲದ, ಕೋಶಕೇಂದ್ರವಿರುವ ಜೀವಿ.

ಸದಸ್ಯ 2: ವೋರ್ಟಿಸೆಲ್ಲಾ ಅನ್ನೋ ಸಿಲಿಯೇಟ್‌ನ ತೊಟ್ಟು ತಟ್ಟನೆ ಸುರುಳಿಯಾಗುವುದು ಹೇಗೆ?

ಮೇಷ್ಟ್ರು: ಕಪ್ಪೆಯ ಕರುಳಿನ ಓಪಲೈನಾ ಕೂಡ ಸಿಲಿಯೇಟ್. ಎಲ್ಲರೂ ಬರೆದುಕೊಳ್ಳಿ.

ವಿದ್ಯಾರ್ಥಿನಿ: ಈಗ ಹಾಗೆ ಹೇಳುವುದಿಲ್ಲ ಸರ್.

ಮೇಷ್ಟ್ರು: ಮೈತುಂಬ ಲೋಮಾಂಗ ಇಟ್ಟುಕೊಂಡು ಇನ್ನೇನಮ್ಮ ಅದು?

ಸದಸ್ಯ 3: ಪುಸ್ತಕ ಬದಲಾಗಿದೆ, ಮೇಷ್ಟ್ರು ಬದಲಾಗಿಲ್ಲ.

ಮೇಷ್ಟ್ರು: ಮಾತಿನ ಮೇಲೆ ಹಿಡಿತ ಇರಲಿ.

ತಜ್ಞೆ: ಸಾಕು ಮಾಡಿ. ಸರ್, ಓಪಲೈನಾದ ಕೋಶಕೇಂದ್ರಗಳೆಲ್ಲ ಒಂದೇ ಬಗೆಯವು. ದೊಡ್ಡದು, ಚಿಕ್ಕದು ಅಂತ ಇಲ್ಲ. ಈಗ ಅದನ್ನು ಡಯಾಟಮ್ ಎಂಬ ಏಕಕೋಶ ಪಾಚಿಗಳಿರುವ ಸ್ಟ್ರಮೆನೋಪೈಲ್ ಗುಂಪಿಗೆ ಸೇರಿಸಿದ್ದಾರೆ. ಸಿಲಿಯೇಟ್‌ಗಳ ನೆಂಟರು ಮಲೇರಿಯಾ ಪರಾವಲಂಬಿ ಮತ್ತು ಡೈನೋಫ್ಲಾಜಲೇಟ್ ಎಂಬ ಏಕಕೋಶ ಜೀವಿಗಳು. ಈ ಮೂರೂ ಸೇರಿದ ಗುಂಪಿನ ಗುರುತು ಹೊರಪೊರೆಯ ಕೆಳಗಿನ ಚಪ್ಪಟೆ ಚೀಲಗಳು. ಲೋಮಾಂಗ ಒಂದನ್ನೇ ನೋಡಿ ನೆಂಟಸ್ತನ ಹೇಳಲಾಗದು.

ಸದಸ್ಯ 4: ಬ್ಲೀಚಿಂಗ್ ಪೌಡರ್ ಸಂದೇಶ ತುಂಬಾ ಜನ ಹಂಚಿದ್ದಾರೆ. ಸುಮ್ನೆ ಹಂಚ್ತಾರಾ?

ತಜ್ಞೆ: ಎಷ್ಟು ಜನ ಹಂಚಿದರೂ ವಿಷ ವಿಷವೇ. ಇಲ್ಲಿಂದ ಅಳಿಸಿ.

ಸದಸ್ಯ 5: ಪ್ಯಾರಮೀಸಿಯಂ ಪ್ರಾಣಿ ಅಲ್ವಾ?

ತಜ್ಞೆ: ಮೇಲೆ ಓದಿ.

ಸದಸ್ಯ 2: ವೋರ್ಟಿಸೆಲ್ಲಾ?

ಮೀನು ಸಾಕುವವರು: ಮೇಡಂ, ಹೌದು, ಮೇಲೆ ಬಂದು ಬಾಯಿ ಆಡಿಸುತ್ತಿದೆ.

ತಜ್ಞೆ: ಹಾಗಾದರೆ ಕಿವಿರಿಗೂ ಹತ್ತಿರಬಹುದು. ಏರೇಟರ್ ಜೋರು ಮಾಡಿ. ನೀರು ಬಿಸಿ ಮಾಡಬೇಡಿ, ಬಿಸಿಯಾದಷ್ಟೂ ಆಮ್ಲಜನಕ ಕಮ್ಮಿ. ಮೀನು ನೋಡುವ ಪಶುವೈದ್ಯರಿಗೆ ಈಗಲೇ ಫೋನ್ ಮಾಡಿ. ಲಾಳದ ಆಕಾರ ಕಂಡಿತು ಅಂತ ಮೊದಲೇ ಹೇಳಿ.