ಮರುಕಳಿಸಿದ ಎಎಂಎಲ್‌ಗೆ ಪ್ರತಿಕಾಯ ಹೊತ್ತೊಯ್ಯುವ ಕೀಮೊ: ಪ್ರಶ್ನೋತ್ತರ

ಪ್ರಶ್ನೆ: ಡಾಕ್ಟರ್ ಅವರಿಗೆ ನಮಸ್ಕಾರ. ನನ್ನ ತಂದೆಗೆ 63 ವರ್ಷ. ತೀವ್ರ ಮೈಲಾಯ್ಡ್ ಲ್ಯುಕೇಮಿಯಾ, ಅಂದರೆ ಎಎಂಎಲ್ ಎಂಬ ರಕ್ತದ ಕ್ಯಾನ್ಸರ್, ಇದೆಯೆಂದು ಗೊತ್ತಾದ ಮೇಲೆ ಕೀಮೊಥೆರಪಿ ಪಡೆದು 14 ತಿಂಗಳು ರೆಮಿಷನ್‌ನಲ್ಲಿ, ಅಂದರೆ ರೋಗ ಕಾಣದ ಸ್ಥಿತಿಯಲ್ಲಿ, ಇದ್ದರು. ಹೋದ ವಾರದ ಮೂಳೆಮಜ್ಜೆ ಪರೀಕ್ಷೆಯಲ್ಲಿ ಬ್ಲಾಸ್ಟ್ ಕೋಶಗಳು, ಅಂದರೆ ಬಲಿಯದ ಕ್ಯಾನ್ಸರ್ ಕೋಶಗಳು, ಮತ್ತೆ ಕಾಣಿಸಿಕೊಂಡಿವೆ. ಅವು ಸಿಡಿ33 ಪಾಸಿಟಿವ್ ಎಂದು ವರದಿ ಹೇಳುತ್ತದೆ. ಚಿಕಿತ್ಸೆ ನೀಡುತ್ತಿರುವ ವೈದ್ಯರು ಜೆಮ್ಟುಜುಮಾಬ್ ಓಜೊಗಮೈಸಿನ್ ಎಂಬ ಔಷಧವನ್ನು ಸೂಚಿಸಿ, ಇದು ಕ್ಯಾನ್ಸರ್ ಕೋಶವನ್ನೇ ಗುರಿಯಿಟ್ಟು ಹೊಡೆಯುತ್ತದೆ ಎಂದು ವಿವರಿಸಿದರು. ಆದರೆ ಇದನ್ನು 2010ರಲ್ಲಿ ಮಾರುಕಟ್ಟೆಯಿಂದ ಹಿಂದಕ್ಕೆ ತೆಗೆದುಕೊಂಡಿದ್ದರು ಎಂದು ಓದಿ ಮನೆಮಂದಿಯೆಲ್ಲ ಗಾಬರಿಯಾಗಿದ್ದೇವೆ. ಒಮ್ಮೆ ಹಿಂತೆಗೆದ ಔಷಧಕ್ಕೆ ಒಪ್ಪಿಗೆ ಕೊಡಬಹುದೇ?

ಉತ್ತರ: ನಮಸ್ಕಾರ. ನೀವು ಓದಿದ್ದು ನಿಜ, ಆದರೆ ಅಷ್ಟಕ್ಕೇ ಕಥೆ ಮುಗಿಯುವುದಿಲ್ಲ. ಮೊದಲು ಆ ಔಷಧದೊಳಗೆ ಏನಿದೆ ಎಂಬುದನ್ನು ನೋಡೋಣ.

ಅದರಲ್ಲಿ ಮೂರು ಭಾಗಗಳಿವೆ: ಸಿಡಿ33 ಎಂಬ ಪ್ರೋಟೀನಿಗೆ ಅಂಟಿಕೊಳ್ಳುವ ಪ್ರತಿಕಾಯ, ಕ್ಯಾಲಿಕಿಯಮೈಸಿನ್ ಎಂಬ ಉಗ್ರ ವಿಷ, ಇವೆರಡನ್ನೂ ಕಟ್ಟಿಹಾಕಿರುವ ರಾಸಾಯನಿಕ ಕೊಂಡಿ. ಕ್ಯಾಲಿಕಿಯಮೈಸಿನ್ ಮಣ್ಣಿನಲ್ಲಿರುವ ಒಂದು ಬ್ಯಾಕ್ಟೀರಿಯಾದಿಂದ ದೊರೆತದ್ದು. ಅದನ್ನು ಹಾಗೆಯೇ ರಕ್ತಕ್ಕೆ ಬಿಟ್ಟರೆ ಯಾವ ರೋಗಿಯೂ ತಾಳಲಾರದಷ್ಟು ತೀಕ್ಷ್ಣವಾಗಿರುವುದರಿಂದಲೇ ಅದಕ್ಕೊಂದು ವಾಹನ ಬೇಕಾಯಿತು. ಇಲ್ಲಿ ಪ್ರತಿಕಾಯದ ಕೆಲಸ ಕೊಲ್ಲುವುದಕ್ಕಿಂತ ಹೆಚ್ಚಾಗಿ ಹೊತ್ತೊಯ್ಯುವುದು. ಅದು ಸಿಡಿ33ಗೆ ಅಂಟಿಕೊಂಡೊಡನೆ ಕೋಶ ಆ ಜೋಡಿಯನ್ನು ಒಳಗೆಳೆದುಕೊಳ್ಳುತ್ತದೆ, ಕೋಶದೊಳಗಿನ ಆಮ್ಲೀಯ ಕೋಣೆಯಲ್ಲಿ ಕೊಂಡಿ ಕಳಚುತ್ತದೆ, ಬಿಡುಗಡೆಯಾದ ವಿಷ ಡಿಎನ್‌ಎಯ ಎರಡೂ ಎಳೆಗಳನ್ನು ಕತ್ತರಿಸಿಹಾಕುತ್ತದೆ. ಎಎಂಎಲ್ ರೋಗಿಗಳಲ್ಲಿ ಬಹುಪಾಲು ಮಂದಿಯ ಬ್ಲಾಸ್ಟ್ ಕೋಶಗಳ ಮೇಲೆ ಸಿಡಿ33 ಇರುತ್ತದೆ.

"ಕ್ಯಾನ್ಸರ್ ಕೋಶವನ್ನೇ ಹೊಡೆಯುತ್ತದೆ" ಎಂಬ ಮಾತನ್ನು ಮಾತ್ರ ಸ್ವಲ್ಪ ತಿದ್ದಬೇಕು. ರಕ್ತದ ಬಿಳಿ ಕಣಗಳಾಗಿ ಬೆಳೆಯಬೇಕಾದ ಆರೋಗ್ಯವಂತ ಮೈಲಾಯ್ಡ್ ಕೋಶಗಳ ಮೇಲೂ, ಯಕೃತ್ತಿನ ಕೆಲವು ಕೋಶಗಳ ಮೇಲೂ ಸಿಡಿ33 ಇದೆ. ಆದ್ದರಿಂದ ಕಣಗಳ ಎಣಿಕೆ ಕುಸಿಯುತ್ತದೆ, ಯಕೃತ್ತಿಗೂ ಪೆಟ್ಟು ಬೀಳಬಹುದು. ರಕ್ತವನ್ನೆಲ್ಲ ಉತ್ಪಾದಿಸುವ ಮೂಲ ಕಾಂಡಕೋಶಗಳ ಮೇಲೆ ಅದು ಇರುವುದಿಲ್ಲ ಎಂಬುದೇ ಈ ಚಿಕಿತ್ಸೆಯ ಆಧಾರ. ಮಜ್ಜೆ ಮತ್ತೆ ಚಿಗುರುವುದು ಆ ಕಾಂಡಕೋಶಗಳಿಂದ.

ಇನ್ನು 2010ರ ವಿಷಯ. ಮೈಲೊಟಾರ್ಗ್ ಎಂಬ ಹೆಸರಿನ ಈ ಔಷಧಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2000ರ ಮೇ ತಿಂಗಳಲ್ಲಿ ತ್ವರಿತ ಅನುಮತಿ ನೀಡಿತು. ಪ್ರತಿಕಾಯಕ್ಕೆ ವಿಷ ಕಟ್ಟಿದ ಔಷಧಗಳಲ್ಲಿ ಅನುಮತಿ ಪಡೆದ ಮೊದಲನೆಯದು ಇದೇ. ಮೊದಲ ಬಾರಿ ರೋಗ ಮರುಕಳಿಸಿದ, 60 ದಾಟಿದ, ಸಾಮಾನ್ಯ ಕೀಮೊ ತಾಳಲಾರದ ರೋಗಿಗಳಿಗೆಂದು ಕೊಟ್ಟ ಆ ಅನುಮತಿಯ ಆಧಾರ 142 ರೋಗಿಗಳ ಫಲಿತಾಂಶ. ಅವರಲ್ಲಿ ಸುಮಾರು ಶೇ. 30 ಮಂದಿಯಲ್ಲಿ ರೋಗ ಹಿಮ್ಮೆಟ್ಟಿತ್ತು. ಆಗಿನ ಪ್ರಮಾಣ ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ 9 ಮಿಲಿಗ್ರಾಂ, 14 ದಿನಗಳ ಅಂತರದಲ್ಲಿ ಎರಡು ಸಲ. ತ್ವರಿತ ಅನುಮತಿ ಪಡೆದ ಔಷಧ ಮುಂದಿನ ಪರೀಕ್ಷೆಗಳಲ್ಲಿ ತನ್ನ ಪ್ರಯೋಜನವನ್ನು ಖಚಿತಪಡಿಸಬೇಕು. ಹಾಗೆ ನಡೆದ ಎಸ್0106 ಎಂಬ ಪರೀಕ್ಷೆಯಲ್ಲಿ, ಹೊಸ ರೋಗಿಗಳಿಗೆ ಕೀಮೊ ಜೊತೆಗೆ 6 ಮಿಲಿಗ್ರಾಂ ಪ್ರಮಾಣದಲ್ಲಿ ಕೊಟ್ಟಾಗ ಆಯುಷ್ಯ ಹೆಚ್ಚಲಿಲ್ಲ. ಚಿಕಿತ್ಸೆಯ ವಿಷಪರಿಣಾಮದಿಂದಾದ ಸಾವು ಕೀಮೊ ಮಾತ್ರ ಪಡೆದವರಲ್ಲಿ ಶೇ. 1.4 ಇದ್ದರೆ ಇದನ್ನೂ ಪಡೆದವರಲ್ಲಿ ಶೇ. 5.7 ಇತ್ತು. 2010ರ ಜೂನ್‌ನಲ್ಲಿ ಫೈಜರ್ ಕಂಪನಿ ಔಷಧವನ್ನು ಹಿಂತೆಗೆದುಕೊಂಡಿತು. ಆ ಅಂಕಿಗಳ ಎದುರು ಅದು ಸರಿಯಾದ ನಿರ್ಧಾರವೇ ಆಗಿತ್ತೆಂದು ನಾನು ಭಾವಿಸುತ್ತೇನೆ.

ಅಷ್ಟರಲ್ಲಿ ಫ್ರಾನ್ಸಿನ ವೈದ್ಯರು ಪ್ರಮಾಣವನ್ನು ಒಡೆದು, ಚದರ ಮೀಟರಿಗೆ 3 ಮಿಲಿಗ್ರಾಂನಂತೆ 1, 4 ಮತ್ತು 7ನೇ ದಿನ ಕೊಡುವ ಪದ್ಧತಿಯನ್ನು ಪರೀಕ್ಷಿಸುತ್ತಿದ್ದರು. ನಿಮ್ಮ ತಂದೆಯ ಸ್ಥಿತಿಗೆ ಹತ್ತಿರವಾದದ್ದು ಅವರ ಮೈಲೊಫ್ರಾನ್ಸ್-1 ಅಧ್ಯಯನ. ಮೊದಲ ಬಾರಿ ಮರುಕಳಿಸಿದ 57 ರೋಗಿಗಳಿಗೆ ಈ ಔಷಧವೊಂದನ್ನೇ ಹೀಗೆ ಕೊಟ್ಟಾಗ 15 ಮಂದಿಗೆ ಸಂಪೂರ್ಣ ರೆಮಿಷನ್ ಸಿಕ್ಕಿತು, ಯಕೃತ್ತಿನ ರಕ್ತನಾಳ ಮುಚ್ಚಿಕೊಳ್ಳುವ ಭೀಕರ ತೊಡಕು ಒಬ್ಬರಲ್ಲೂ ಕಾಣಲಿಲ್ಲ. ಮುಂದೆ ಹೊಸ ರೋಗಿಗಳಲ್ಲಿ ಕೀಮೊ ಜೊತೆಗೆ ಇದೇ ಪದ್ಧತಿಯನ್ನು ನೋಡಿದ ಆಲ್ಫಾ-0701 ಪರೀಕ್ಷೆ 2012ರಲ್ಲಿ ಪ್ರಕಟವಾಯಿತು. ಅದರ ಬಲದ ಮೇಲೆ 2017ರ ಸೆಪ್ಟೆಂಬರ್‌ನಲ್ಲಿ ಎಫ್‌ಡಿಎ ಮತ್ತೆ ಅನುಮತಿ ನೀಡಿತು. ಮರುಕಳಿಸಿದ ರೋಗಕ್ಕೂ ಅನ್ವಯಿಸುವಂತೆ. ಆದ್ದರಿಂದ ನೀವು ವೈದ್ಯರನ್ನು ಕೇಳಬೇಕಾದದ್ದು "ಹಿಂತೆಗೆದ ಔಷಧವೇ?" ಎಂದಲ್ಲ, "ಯಾವ ಪ್ರಮಾಣದಲ್ಲಿ, ಯಾವ ದಿನಗಳಲ್ಲಿ ಕೊಡುತ್ತೀರಿ?" ಎಂದು.

ಆಸೆಯ ಅಳತೆಯನ್ನೂ ಹೇಳಿಬಿಡುತ್ತೇನೆ. 57ರಲ್ಲಿ 15 ಎಂದರೆ ನಾಲ್ವರಲ್ಲಿ ಒಬ್ಬರು. ಸಂಪೂರ್ಣ ರೆಮಿಷನ್ ಪಡೆದವರಲ್ಲೂ ರೋಗ ಮರಳದೆ ಕಳೆದ ಅವಧಿಯ ಮಧ್ಯಾಂಕ 11.6 ತಿಂಗಳು. ಈ ಔಷಧ ಗಳಿಸಿಕೊಡುವ ಕಾಲವನ್ನು ಯಾವುದಕ್ಕೆ ಬಳಸುತ್ತೇವೆ ಎಂಬುದನ್ನು ಮೊದಲ ಡೋಸಿಗೆ ಮುನ್ನವೇ ಯೋಚಿಸಿರಬೇಕು.

ಪ್ರಶ್ನೆ: ನಾನು ಕ್ಯಾನ್ಸರ್ ವಾರ್ಡಿನಲ್ಲಿ ಶುಶ್ರೂಷಕಿ. 1, 4, 7 ಎಂಬ ಲೆಕ್ಕ ಎಲ್ಲಿಂದ ಬಂತು, ಡಾಕ್ಟರ್? ಒಟ್ಟು ಪ್ರಮಾಣವನ್ನು ಒಂದೇ ದಿನ ಕೊಟ್ಟರೆ ವ್ಯತ್ಯಾಸವೇನು?

ಉತ್ತರ: ಒಳ್ಳೆಯ ಪ್ರಶ್ನೆ. ಕೋಶದ ಮೇಲಿರುವ ಸಿಡಿ33 ಅಣುಗಳ ಸಂಖ್ಯೆಗೆ ಮಿತಿಯಿದೆ. ಸಣ್ಣ ಪ್ರಮಾಣದಲ್ಲೇ ಅವು ಬಹುತೇಕ ಭರ್ತಿಯಾಗುತ್ತವೆ. ಅದಕ್ಕಿಂತ ಹೆಚ್ಚು ಸುರಿದದ್ದು ಹಿಡಿಯುವವರಿಲ್ಲದೆ ರಕ್ತದಲ್ಲಿ ಸುತ್ತುತ್ತ ಯಕೃತ್ತಿಗೆ ಹೊರೆಯಾಗುತ್ತದೆ. ಔಷಧವನ್ನು ನುಂಗಿದ ಕೋಶ ಸಾಯದೆ ಉಳಿದರೆ ಕೆಲವೇ ದಿನಗಳಲ್ಲಿ ಹೊಸ ಸಿಡಿ33 ಅಣುಗಳನ್ನು ಮೇಲ್ಮೈಗೆ ತರುತ್ತದೆ. ಮೂರು ದಿನ ಬಿಟ್ಟು ಕೊಟ್ಟ ಎರಡನೆಯ ಡೋಸ್ ಆ ಹೊಸ ಅಣುಗಳ ಮೂಲಕವೇ ಮತ್ತೆ ಒಳಹೊಗುತ್ತದೆ. ಹೀಗೆ ರಕ್ತದಲ್ಲಿ ಔಷಧದ ಮಟ್ಟ ಒಮ್ಮೆಗೇ ಏರುವುದಿಲ್ಲ, ಕೋಶದೊಳಗೆ ಮಾತ್ರ ವಿಷ ಕಂತುಕಂತಾಗಿ ಸೇರುತ್ತ ಹೋಗುತ್ತದೆ.

ವಾರ್ಡಿನ ಮಟ್ಟಿಗೆ ಕೆಲವು ಮಾತು. ಪ್ರತಿ ಡೋಸೂ ಒಂದು ವಯಲ್, ಅಂದರೆ 4.5 ಮಿಲಿಗ್ರಾಂ, ಮೀರಬಾರದು. ರೋಗಿಯ ಮೈ ಎಷ್ಟೇ ದೊಡ್ಡದಿರಲಿ. ಸುಮಾರು ಒಂದು ಗಂಟೆ ಮುಂಚೆ ಪ್ಯಾರಾಸಿಟಮಾಲ್, ಆಂಟಿಹಿಸ್ಟಮಿನ್ ಮತ್ತು ಸ್ಟೀರಾಯ್ಡ್ ಕೊಟ್ಟು, ಬೆಳಕು ತಾಗದಂತೆ ಮುಚ್ಚಿದ ಚೀಲದಿಂದ ಎರಡು ಗಂಟೆಗಳ ಕಾಲ ಹನಿಸಬೇಕು. ಚಳಿನಡುಕ, ಜ್ವರ, ರಕ್ತದೊತ್ತಡದ ಕುಸಿತ ಹನಿಸುವಾಗಲೂ ಬರಬಹುದು, ಮುಗಿದ ಮೇಲೂ ಬರಬಹುದು. ಬಿಳಿ ಕಣಗಳು ಮೈಕ್ರೊಲೀಟರಿಗೆ 30,000 ಮೀರಿದ್ದರೆ ಹೈಡ್ರಾಕ್ಸಿಯೂರಿಯಾದಿಂದ ಇಳಿಸಿಕೊಂಡೇ ಆರಂಭಿಸುತ್ತೇವೆ. ಇಲ್ಲವಾದರೆ ಕೋಶಗಳು ಒಟ್ಟಿಗೆ ಒಡೆದು ಶ್ವಾಸಕೋಶ, ಮೂತ್ರಪಿಂಡಗಳಿಗೆ ತೊಂದರೆಯಾದೀತು.

ಪ್ರಶ್ನೆ: ನಾನು ಮೊದಲು ಪ್ರಶ್ನೆ ಕೇಳಿದವನು. ಪ್ರಮಾಣದ ಬಗ್ಗೆ ವಿಚಾರಿಸಿದೆವು. 1, 4, 7ನೇ ದಿನಗಳ ಪದ್ಧತಿಯೇ ಎಂದರು. ರೆಮಿಷನ್ ಸಿಕ್ಕರೆ ತಂದೆಯ ತಂಗಿಯ, ಅಂದರೆ ನನ್ನ ಅತ್ತೆಯ, ಮಜ್ಜೆಯಿಂದ ಕಸಿ ಮಾಡುವ ಆಲೋಚನೆಯಿದೆ. ಯಕೃತ್ತಿನ ತೊಡಕನ್ನು ನೀವು ಭೀಕರ ಎಂದಿರಿ. ಅದನ್ನು ಸ್ವಲ್ಪ ವಿವರಿಸಬಹುದೇ?

ಉತ್ತರ: ಯಕೃತ್ತಿನೊಳಗಿನ ಅತಿಸಣ್ಣ ರಕ್ತನಾಳಗಳ ಒಳಪದರ ಕೆಟ್ಟು, ನಾಳಗಳು ಮುಚ್ಚಿಕೊಂಡು, ರಕ್ತ ಹಿಂದೆಯೇ ತಡೆದು ನಿಲ್ಲುವ ಸ್ಥಿತಿ ಅದು. ವಿಓಡಿ ಎಂದು ಕರೆಯುತ್ತೇವೆ. ದಿನದಿಂದ ದಿನಕ್ಕೆ ತೂಕ ಏರುವುದು, ಬಲಪಕ್ಕೆಯ ಕೆಳಗೆ ನೋವು, ಹೊಟ್ಟೆಯಲ್ಲಿ ನೀರು, ಕಣ್ಣು ಹಳದಿಯಾಗುವುದು ಅದರ ಗುರುತುಗಳು. ಇವುಗಳಲ್ಲಿ ತೂಕವನ್ನು ನೀವೇ ಗಮನಿಸಬಹುದು: ಪ್ರತಿದಿನ ಬೆಳಿಗ್ಗೆ ಅದೇ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಹೊಟ್ಟೆ ತುಂಬ ಊಟ ಮಾಡದಿದ್ದರೂ ತೂಕ ಏರುತ್ತಿದ್ದರೆ ಅದು ಮೈಗೆ ಹತ್ತಿದ್ದಲ್ಲ, ನೀರು. ಅಂದೇ ವೈದ್ಯರಿಗೆ ತಿಳಿಸಿ.

ಹಿಂದೆ ಕಸಿಯಾಗಿದ್ದರೆ ಅಥವಾ ಯಕೃತ್ತಿನ ಕಾಯಿಲೆ ಇದ್ದರೆ ಅಪಾಯ ಹೆಚ್ಚು. ಔಷಧದ ನಂತರ ತೀರ ಬೇಗ ಕಸಿ ಮಾಡಿದರೂ ಹೆಚ್ಚು. ಅದಕ್ಕಾಗಿಯೇ ಕೊನೆಯ ಡೋಸಿಗೂ ಕಸಿಗೂ ನಡುವೆ ಎರಡು ತಿಂಗಳ ಅಂತರ ಇರಲೆಂದು ಸಲಹೆಯಿದೆ. ಇಲ್ಲೇ ಇಕ್ಕಟ್ಟು. ಕಾದರೆ ರೋಗ ಮರಳೀತು, ಅವಸರಪಟ್ಟರೆ ಯಕೃತ್ತು ಸೋತೀತು. ನಿಮ್ಮ ಅತ್ತೆಯವರ ಎಚ್‌ಎಲ್‌ಎ (ಅಂಗಾಂಶದ ಗುರುತು) ಹೊಂದಾಣಿಕೆಯ ಪರೀಕ್ಷೆಯನ್ನು ರೆಮಿಷನ್ ಬರಲಿ ಎಂದು ಕಾಯದೆ ಈಗಲೇ ಮಾಡಿಸಿದರೆ ಆ ಎರಡು ತಿಂಗಳು ಬರಿದೇ ಕಳೆಯುವುದಿಲ್ಲ. ವಿಓಡಿ ತೀವ್ರವಾದರೆ ಡಿಫೈಬ್ರೊಟೈಡ್ ಎಂಬ ಔಷಧವಿದೆ, ಆದರೆ ಅದು ಎಲ್ಲರನ್ನೂ ಉಳಿಸುವುದಿಲ್ಲ.

ಪ್ಲೇಟ್‌ಲೆಟ್‌ಗಳು ಇತರ ಕಣಗಳಿಗಿಂತ ನಿಧಾನವಾಗಿ ಚೇತರಿಸಿಕೊಳ್ಳುತ್ತವೆ ಎಂಬುದೂ ಗೊತ್ತಿರಲಿ. ಒಸಡಿನಲ್ಲಿ ರಕ್ತ, ಮೈಮೇಲೆ ಕೆಂಪು ಚುಕ್ಕೆ, ಹಿಂದೆಂದೂ ಇಲ್ಲದ ತಲೆನೋವು ಕಂಡರೆ ಬೆಳಗಾಗಲೆಂದು ಕಾಯಬೇಡಿ.

ಪ್ರಶ್ನೆ: ನನ್ನ ತಮ್ಮನಿಗೆ ಇರುವುದು ಲ್ಯುಕೇಮಿಯಾದ ಲಿಂಫೊಬ್ಲಾಸ್ಟಿಕ್ ಬಗೆ, ಬಿ-ಕೋಶದ್ದು. ಅವನಿಗೂ ಇದನ್ನು ಕೊಡಬಹುದೇ?

ಉತ್ತರ: ಇದನ್ನಲ್ಲ. ಆ ಬಗೆಯಲ್ಲಿ ಗುರಿ ಸಿಡಿ22 ಎಂಬ ಪ್ರೋಟೀನು. ಅದಕ್ಕೆ ಅಂಟುವ ಪ್ರತಿಕಾಯಕ್ಕೆ ಇದೇ ಕ್ಯಾಲಿಕಿಯಮೈಸಿನ್ ಕಟ್ಟಿದ ಇನೊಟುಜುಮಾಬ್ ಓಜೊಗಮೈಸಿನ್ ಇದೆ. ಹೆಸರಿನ ಬಾಲ ಒಂದೇ ಆಗಿರುವುದರಿಂದ ಚೀಟಿ ಓದುವಾಗ ಎಚ್ಚರವಿರಲಿ. ವಿಓಡಿ ಅಪಾಯ ಅಲ್ಲಿಯೂ ಇದೆ.

ಪ್ರಶ್ನೆ: ಮೊದಲ ಪ್ರಶ್ನೆ ಕೇಳಿದವನದೇ ಕೊನೆಯ ಸಂದೇಹ. ತಂದೆಗೆ ಇದು ಒಗ್ಗುತ್ತದೋ ಇಲ್ಲವೋ ಎಂದು ಮೊದಲೇ ತಿಳಿಯುವ ದಾರಿಯಿದೆಯೇ? ಕೆಲಸ ಮಾಡದಿದ್ದರೆ ಮುಂದೇನು?

ಉತ್ತರ: ಖಚಿತವಾಗಿ ಹೇಳುವ ಪರೀಕ್ಷೆಯಿಲ್ಲ, ಸುಳಿವುಗಳಿವೆ. ಹೊಸ ರೋಗಿಗಳ ಐದು ಪರೀಕ್ಷೆಗಳನ್ನು, ಒಟ್ಟು 3,325 ಮಂದಿಯ ವಿವರಗಳನ್ನು, ಒಟ್ಟುಗೂಡಿಸಿದ ವಿಶ್ಲೇಷಣೆ 2014ರಲ್ಲಿ ಬಂತು. ಕೀಮೊಗೆ ಇದನ್ನು ಸೇರಿಸಿದಾಗ ಆರು ವರ್ಷ ಬದುಕುಳಿದವರ ಪ್ರಮಾಣ, ಅನುಕೂಲಕರ ಕ್ರೋಮೊಸೋಮ್ ಬದಲಾವಣೆ ಇದ್ದವರಲ್ಲಿ ಶೇಕಡಾ 20ಕ್ಕೂ ಹೆಚ್ಚು ಅಂಶ ಏರಿತು, ಮಧ್ಯಮ ಗುಂಪಿನಲ್ಲಿ ಅಲ್ಪವಾಗಿ ಏರಿತು, ಪ್ರತಿಕೂಲ ಗುಂಪಿಗೆ ಪ್ರಯೋಜನವೇ ಆಗಲಿಲ್ಲ. ಮರುಕಳಿಸಿದವರಿಗೆ ಆ ಅಂಕಿಗಳು ನೇರವಾಗಿ ಸಲ್ಲುವುದಿಲ್ಲವಾದರೂ ದಿಕ್ಕು ತೋರಿಸುತ್ತವೆ. ಮೊದಲ ರೆಮಿಷನ್ 14 ತಿಂಗಳು ನಿಂತಿತ್ತು ಎಂಬುದು ನಿಮ್ಮ ತಂದೆಯ ಪರವಾಗಿರುವ ಅಂಶ. ಆರು ತಿಂಗಳೊಳಗೆ ಮರಳುವ ರೋಗ ಇನ್ನೂ ಹಟಮಾರಿ. ಕೆಲವರ ಬ್ಲಾಸ್ಟ್ ಕೋಶಗಳು ಒಳಬಂದ ವಿಷವನ್ನು ಪಂಪಿನಂತೆ ಹೊರಹಾಕಿಬಿಡುತ್ತವೆ. ಅಂಥವರಲ್ಲಿ ಸಿಡಿ33 ಎಷ್ಟಿದ್ದರೂ ಫಲ ಕಡಿಮೆ.

ನೀವು ಬರೆದ ವರದಿಯಲ್ಲಿ ನನಗೆ ಕಾಣದ್ದು ಎಫ್‌ಎಲ್‌ಟಿ3, ಐಡಿಎಚ್1 ಮತ್ತು ಐಡಿಎಚ್2 ಜೀನ್‌ಗಳ ಫಲಿತಾಂಶ. ಮೊದಲ ಬಾರಿಯ ವರದಿ ಸಾಲದು, ಏಕೆಂದರೆ ಮರುಕಳಿಸುವಾಗ ರೋಗದ ಜೀನ್ ಬದಲಾವಣೆಗಳೂ ಬೇರೆಯಾಗಿರಬಹುದು. ಎಫ್‌ಎಲ್‌ಟಿ3 ಬದಲಾವಣೆ ಇದ್ದರೆ ನಾನು ಮೊದಲು ಯೋಚಿಸುವುದು ಗಿಲ್ಟೆರಿಟಿನಿಬ್ ಮಾತ್ರೆಯನ್ನು: ಅಂಥ ರೋಗಿಗಳ ಹೋಲಿಕೆಯ ಪರೀಕ್ಷೆಯಲ್ಲಿ ಆಯುಷ್ಯದ ಮಧ್ಯಾಂಕ ಕೀಮೊ ಪಡೆದವರಲ್ಲಿ 5.6 ತಿಂಗಳು, ಅದನ್ನು ಪಡೆದವರಲ್ಲಿ 9.3 ತಿಂಗಳು ಇತ್ತು. ಐಡಿಎಚ್ ಬದಲಾವಣೆಗಳಿಗೂ ಪ್ರತ್ಯೇಕ ಮಾತ್ರೆಗಳಿವೆ. ಜೆಮ್ಟುಜುಮಾಬ್ ಕೈಕೊಟ್ಟರೆ ಮುಂದಿನ ದಾರಿಯನ್ನು ನಿರ್ಧರಿಸುವುದೂ ಇದೇ ಫಲಿತಾಂಶ. ಬಿಳಿ ಕಣಗಳು ಹತೋಟಿಯಲ್ಲಿದ್ದು, ತಂದೆಯವರ ಸ್ಥಿತಿ ಸ್ಥಿರವಾಗಿದ್ದರೆ, ಅದಕ್ಕಾಗಿ ಕೆಲವು ದಿನ ಕಾಯಬಹುದೇ ಎಂದು ನಿಮ್ಮ ವೈದ್ಯರನ್ನು ಕೇಳಿ.

ಪ್ರಶ್ನಿಸಿದವರ ಮರುಟಿಪ್ಪಣಿ: ಕೇಳಿದೆವು, ಡಾಕ್ಟರ್. ಜೀನ್ ಪರೀಕ್ಷೆಗೆ ಮಾದರಿ ಹೋಗಿದೆಯಂತೆ, ಶುಕ್ರವಾರ ವರದಿ ಬರುತ್ತದೆ. ಅಲ್ಲಿಯವರೆಗೆ ಹೈಡ್ರಾಕ್ಸಿಯೂರಿಯಾ ಕೊಡುತ್ತಿದ್ದಾರೆ. ಅತ್ತೆಯವರ ರಕ್ತದ ಮಾದರಿಯನ್ನು ನಾಳೆ ಬೆಳಿಗ್ಗೆ ಕೊಡುತ್ತಿದ್ದೇವೆ.