ಪುಟ್ಟಕ್ಕನೂ ಅದೇ ಉಮಾಶ್ರೀ, ಗುಲಾಬೀನೂ ಅದೇ ಉಮಾಶ್ರೀ ಅಂದ್ರ ನಮ್ಮವ್ವ ನಂಬವಲ್ಲಳು. ಮುಂದ ಯಾವ್ದು ತೋರಸ್ಲಿ?

ತೊಗರಿನಾಡ ತಂಗಿ, ಕಲಬುರಗಿ

ಎಲ್ಲರಿಗೂ ಶರಣ್ರಿ. ನಮ್ಮ ಮನ್ಯಾಗ ಸಂಜಿ ಆತಂದ್ರ ರಿಮೋಟ್ ನಮ್ಮವ್ವನ ಕೈಯಾಗ. 2021ರ ಡಿಸೆಂಬರ್‌ದಾಗ 'ಪುಟ್ಟಕ್ಕನ ಮಕ್ಕಳು' ಶುರು ಆತಲ್ಲ, ಅವತ್ತಿಂದ ಆಕಿಗಿ ಪುಟ್ಟಕ್ಕ ಅಂದ್ರ ನಮ್ಮ ಓಣ್ಯಾಗಿನಾಕಿನೇ, ನಡುವ ಕರೆಂಟ್ ಹೋದ್ರ ಮೊಬೈಲ್‌ದಾಗ ಹಚ್ಚಿ ಕೊಡು ಅಂತ ಜೀವಾ ತಿಂತಾಳ. ನನಗ ಸೀರಿಯಲ್ ಅಷ್ಟಕ್ಕಷ್ಟೇ ಖರೇ, ಆದ್ರ ಉಮಾಶ್ರೀ ಮೇಡಂ ಬಂದಾಗ ನಾನೂ ಅಡಗಿಮನಿ ಬಾಗಲ್ದಾಗ ನಿಂತು ನೋಡ್ತೀನ್ರಿ. ಗಂಡ ಇನ್ನೊಬ್ಬಾಕಿನ ಕಟ್ಕೊಂಡು ಹೋಗ್ಯಾನ, ಮೂರು ಹೆಣ್ಮಕ್ಕಳು, ಮೆಸ್ ನಡಸಿ ಬಾಳ್ವಿ ಮಾಡೋದು, ಕಥಿ ಏನ್ ಹೊಸದಲ್ಲ ಬಿಡ್ರಿ, ಆದ್ರ ಎದುರಿನವ್ರು ಬಾಯಿಗಿ ಬಂದಂಗ ಬೈಲಾಕತ್ತಾಗ ಆಕಿ ಮಾರಿ ನೋಡ್ಬೇಕು. ಅಳು ಗಂಟಲ ತನಕ ಬಂದು ಅಲ್ಲೇ ನಿಂದರ್ತದ, ಕಣ್ಣೀರು ಬರಾಂಗಿಲ್ಲ. ಉಳದ ಸೀರಿಯಲ್‌ದಾಗ ಇಷ್ಟೊತ್ತಿಗಿ ಮೂರು ಸಲ ಅಳ್ತಿದ್ರು.

ಈಗ ವಿಷಯಕ್ಕ ಬರ್ತೀನಿ. ಮೊನ್ನಿ ರವಿವಾರ 'ಗುಲಾಬಿ ಟಾಕೀಸ್' ಹಚ್ಚಿದ್ದೆ. ಅವ್ವ ಬ್ಯಾಳಿ ಹಸನ ಮಾಡ್ಕೋತ ಕುಂತಿದ್ಳು, ಅರ್ಧಾ ಆಗೋತನಕ ಸುಮ್ನ ನೋಡಿ, "ಈಕಿ ಯಾರ್ವಾ, ನಮ್ಮ ಪುಟ್ಟಕ್ಕನಂಗ ಕಾಣ್ತಾಳಲ್ಲ" ಅಂದ್ಳು. ಅಕ್ಕೇ ಅವ್ವ ಅಂದ್ರ ನಂಬವಲ್ಲಳು. ಮಾತು ಬ್ಯಾರೆ, ನಡಗಿ ಬ್ಯಾರೆ, ಕುಂದರೋದು ಸೈತ ಬ್ಯಾರೆ ಅಂತ.

ಮುಂದ ಯಾವ್ದು ನೋಡ್ಲಿ ಹೇಳ್ರಿ. ಅವ್ವನ ಸಂಗಟ ನೋಡೂವಂಥದ್ದು ಒಂದು, ನಾ ಒಬ್ಬಾಕಿನೇ ಕುಂತು ನೋಡೂವಂಥದ್ದು ಒಂದು. ಇನ್ನೊಂದು, ನಮ್ಮಣ್ಣ "ಏ ಆಕಿ ಡಬಲ್ ಮೀನಿಂಗ್ ಕಾಮಿಡಿ ಮಾಡ್ತಿದ್ಳು, ಆಮ್ಯಾಲ ಅವಾರ್ಡ್ ಬಂತಂತ ದೊಡ್ಡಾಕಿ ಆದ್ಳು" ಅಂತಾನ. ಹಂಗೇ ಏನ್ರೀ?

ಹಳೇ ರೀಲು, ಕಲಬುರಗಿ

ತಂಗಿ, ನಿಮ್ಮಣ್ಣಗ ಹೇಳು, ಲೆಕ್ಕ ಉಲ್ಟಾ ಅದ ಅಂತ. ಕಾಮಿಡಿಕಿಂತ ಮದಲ ಆಕಿ ನಾಟಕದಾಕಿ. ದೇವನೂರ ಮಹಾದೇವರ 'ಒಡಲಾಳ' ಸಿ.ಜಿ. ಕೃಷ್ಣಸ್ವಾಮಿ ಅವ್ರು ರಂಗಕ್ಕ ತಂದ್ರಲ್ಲ, ಅದರಾಗ ಸಾಕವ್ವ ಯಾರು ಅನ್ಕೊಂಡಿ? ಕಳಕೊಂಡ ಹುಂಜ ಹುಡುಕ್ತಾ ಊರಿಗೂರು ಬೈಯೋ ಮುದುಕಿ. ಉಮಾಶ್ರೀ ಅವ್ರು ಆವಾಗಿನ್ನೂ ಸಣ್ಣ ವಯಸ್ಸಿನವ್ರು, ಆದ್ರೂ ಸಾಕವ್ವ ಅಂದ್ರ ಇವತ್ತಿಗೂ ನಾಟಕ ನೋಡಿದವ್ರಿಗಿ ಅವ್ರದೇ ಮಾರಿ ಕಣ್ಮುಂದ ಬರ್ತದ.

ಸಿನಿಮಾಕ್ಕ ಬಂದ್ರೆ 1984ರಾಗ ಕಾಶೀನಾಥ್ ಅವ್ರ 'ಅನುಭವ'. ಪಿಚ್ಚರ್ ಓಡ್ತು, ಭಾಳ ಓಡ್ತು, ಅದೇ ಕುತ್ತಿಗಿಗಿ ಬಂತು. ಆಮ್ಯಾಲ ಬಂದವ್ರೆಲ್ಲಾ ಅಂಥದ್ದೇ ಪಾತ್ರ ಹಿಡ್ಕೊಂಡು ಬಂದ್ರು. ಎನ್.ಎಸ್. ರಾವ್ ಮತ್ತ ಉಮಾಶ್ರೀ ಜೋಡಿ ಅಂದ್ರ ಆ ಕಾಲಕ್ಕ ನಮ್ಮಂಥ ಹುಡುಗ್ರು ಟಾಕೀಜಿನಾಗ ಸೀಟಿ ಹೊಡದು ಹೊಡದು ಗಂಟಲ ಕೆಡಿಸ್ಕೊಂತಿದ್ವಿ. ಮಾತು ಕೆಲವು ಖರೇನೇ ಹಲ್ಕಟ್ ಇರ್ತಿದ್ವು, ಹೆಣ್ಮಕ್ಕಳ ಮುಂದ ನೋಡಾಂಗ ಇರಲಿಲ್ಲ, ಅದನ್ನ ಅಲ್ಲಗಳಿಯಂಗಿಲ್ಲ. ಆದ್ರ ಆ ಮಾತು ಬರದಾಕಿ ಆಕಿ ಅಲ್ಲಲ್ಲ. ಬರದವ್ರು ಗಂಡಸರು, ನಕ್ಕವ್ರು ಗಂಡಸರು, ಹೆಸರು ಕೆಟ್ಟಿದ್ದು ಮಾತ್ರ ಆಕಿದು.

ಈಗ ಅವೇ ಸೀನು ಯೂಟ್ಯೂಬ್‌ದಾಗ ಸೌಂಡ್ ಬಂದ್ ಮಾಡಿ ನೋಡು ಒಂದ್ಸಲ. ಎದುರಿನವ ಡೈಲಾಗ್ ಮುಗಿಸಿದ್ ಮ್ಯಾಲ ಆಕಿ ತಟ್ಟನ ಉತ್ತರ ಕೊಡಾಂಗಿಲ್ಲ. ಅರ್ಧ ಉಸಿರಿನಷ್ಟು ಸುಮ್ನಿರ್ತಾಳ, ಕಣ್ಣು ಒಂದ್ ಕಡಿ ಹೋಗ್ತಾವ, ಆಮ್ಯಾಲ ಕುತ್ತಿಗಿ ತಿರಗ್ತದ, ಕಡಿಗಿ ಮಾತು. ನಗಿ ಬರೋದು ಆ ಅರ್ಧ ಉಸಿರಿನಾಗ. ಗುಲಾಬಿ ಪಾತ್ರದಾಗೂ ಅದೇ ಅರ್ಧ ಉಸಿರು ಅದ, ಅಲ್ಲಿ ಮಾತ್ರ ಅದರ ಹಿಂದ ಮಾತು ಬರಾಂಗಿಲ್ಲ. ನಾವು ಸೀಟಿ ಹೊಡ್ಕೋತ ಕುಂತವ್ರಿಗಿ ಇದು ಕಂಡಿಲ್ಲ, ಗುಲಾಬಿ ಟಾಕೀಸ್ ಡೈರೆಕ್ಟರ್ ಗಿರೀಶ್ ಕಾಸರವಳ್ಳಿ ಅವ್ರಿಗಿ ಕಂಡಾದ, ಅಷ್ಟೇ ಫರಕ್.

ಅವ್ವಗ 'ಪುಟ್ನಂಜ' ಹಚ್ಚಿ ಕೊಡು, 1995ರದ್ದು. ರವಿಚಂದ್ರನ್‌ಗ ಅಜ್ಜಿ ಪಾತ್ರ. ತಮಾಷಿ ಅಂದ್ರ ಇವ್ರು ಹುಟ್ಟಿದ್ದು 1957, ಅವ್ರು ಹುಟ್ಟಿದ್ದು 1961. ನಾಕು ವರ್ಷ ಸಣ್ಣಾವ್ಗ ಅಜ್ಜಿ! ಮೇಕಪ್‌ದಿಂದ ಕೂದಲ ಬೆಳ್ಳಗ ಮಾಡಬಹುದು, ಬೆನ್ನು, ಮಣಕಾಲು, ದನಿ ಎಲ್ಲಾ ಮುದುಕಿದು ಮಾಡೋದು ಮೇಕಪ್ಪಿನವ್ರ ಕೆಲಸ ಅಲ್ಲ. ಪಿಚ್ಚರ್ ರವಿಚಂದ್ರನ್ ಅವ್ರದೇ ಇರಬಹುದು, ಆದ್ರ ಅಜ್ಜಿ ಬಂದಾಗೆಲ್ಲಾ ಹೀರೋ ಕಡಿ ಯಾರೂ ನೋಡಾಂಗಿಲ್ಲ.

ಬಂದರದಾಗಿನ ಯಾದಗಿರಿಯಂವ

ಅಕ್ಕಾರ, ನಮ್ದು ಯಾದಗಿರಿ ಕಡಿ, ಸಧ್ಯಕ್ಕ ಮಲ್ಪೆ ಬಂದರದಾಗ ಕೆಲಸ ಮಾಡ್ತೀನಿ, ನಮ್ ಕಡಿ ಹುಡುಗ್ರು ಇಲ್ಲಿ ಭಾಳ ಮಂದಿ ಅದೀವಿ. ಗುಲಾಬಿ ಟಾಕೀಸ್ ನಾ ಊರಾಗಿದ್ದಾಗ ನೋಡಿದ್ರ ಏನೂ ತಿಳೀತಿರಲಿಲ್ಲ ಅನಸ್ತದ, ಇಲ್ಲಿ ಬಂದಮ್ಯಾಲ ರೂಮಿನಾಗ ಹುಡುಗ್ರ ಜೋಡಿ ನೋಡಿದೆ. ವೈದೇಹಿ ಅವ್ರ ಕಥಿ ಇಟ್ಕೊಂಡು ಮಾಡಿದ್ದು, ಕುಂದಾಪುರ ಕಡಿ ಮೀನುಗಾರರ ಊರು, ಕಾರ್ಗಿಲ್ ಯುದ್ಧದ ಟೈಮು. ಗುಲಾಬಿ ಹೆರಗಿ ಮಾಡಸೂವಾಕಿ, ಪಿಚ್ಚರ್ ಹುಚ್ಚು ಎಷ್ಟಂದ್ರ ಟಾಕೀಜಿನಾಗ ಕುಂತಾಗ ಯಾರ್ ಕರದ್ರೂ ಎದ್ದು ಬರಾಂಗಿಲ್ಲ. ಕಡಿಗಿ ದೊಡ್ಡ ಮನಿಯವ್ರು ಹೆರಗಿಗಿ ಬಾ, ಡಿಶ್ ಸಮೇತ ಟಿವಿ ಕೊಡಸ್ತೀವಿ ಅಂದಾಗ ಎದ್ದಾಳ.

ಆ ಟಿವಿ ಬಂದಮ್ಯಾಲ ಶುರು ಆಗ್ತದ ನೋಡ್ರಿ. ಗಂಡಸರು ಸಮುದ್ರಕ್ಕ ಹೋದಮ್ಯಾಲ ಓಣಿ ಹೆಣ್ಮಕ್ಕಳು ಒಬ್ಬೊಬ್ರೇ ಗುಲಾಬಿ ಮನಿಗಿ ಬರ್ತಾರ. ಆಕಿ ಮುಸ್ಲಿಂ ಅಂತ ಕೆಲವರು ಒಳಗ ಬರಾಂಗಿಲ್ಲ, ಹೊರಗೇ ನಿಂತು ನೋಡ್ತಾರ. ಅದು ಗುಲಾಬಿಗಿ ಗೊತ್ತಾಗ್ತದ, ಆದ್ರ ಮಾರಿಮ್ಯಾಲ ಸಿಟ್ಟಿಲ್ಲ, ಮಂದಿ ಬಂದಾರಂತ ಸಣ್ಣ ಹುಡುಗಿಯಂಗ ಖುಷಿ. ಟಿವಿ ನೋಡೋರನ್ನ ಆಕಿ ನೋಡ್ಕೋತ ಇರ್ತಾಳ. ನನಗ ಅಲ್ಲೇ ಗಂಟಲ ಕಟ್ಟಿತ್ತು, ಸುಮ್ನ ಹೇಳಾಂಗಿಲ್ಲ. ಅತ್ಲಾಗ ಸಣ್ಣ ದೋಣಿಯವ್ರಿಗೂ ಟ್ರಾಲರ್‌ದವ್ರಿಗೂ ಜಗಳ, ಅದು ಹೋಗಿ ಜಾತಿ ಧರ್ಮಕ್ಕ ಅಂಟ್ಕೊಳ್ಳೋದು, ಇಲ್ಲಿ ಕೆಲಸ ಮಾಡೋರಿಗಿ ಆ ಭಾಗ ಪೂರಾ ಬರಾಬರ್ ಅನಸ್ತದ. ಕೊನಿ ಹೇಳಾಂಗಿಲ್ಲ, ನೋಡದವ್ರು ಇರ್ತಾರ.

2008ರ ಸಾಲಿನ ಬೆಸ್ಟ್ ಆಕ್ಟ್ರೆಸ್ ನ್ಯಾಶನಲ್ ಅವಾರ್ಡ್ ಇದಕ್ಕೇ ಬಂದಾದ. ಅದಕಿಂತ ಮದಲ ತಾರಾ ಅವ್ರಿಗಿ 2004ರ 'ಹಸೀನಾ'ಕ್ಕ ಬಂದಿತ್ತು, ಅದೂ ಕಾಸರವಳ್ಳಿ ಅವ್ರದೇ ಪಿಚ್ಚರ್. ಎರಡೂ ಒಂದರ ಹಿಂದ ಒಂದು ನೋಡ್ರಿ ಅಕ್ಕಾರ, ಆದ್ರ ಅವ್ವನ ಸಂಗಟ ಬ್ಯಾಡ, ಹಸೀನಾ ನೋಡಿದ್ರ ಅವತ್ತು ರೊಟ್ಟಿ ಸೇರಾಂಗಿಲ್ಲ.

ಮತ್ತೊಂದು ಮರತಿದ್ದೆ, 2025ರ ಜನವರಿದಾಗ ಹೊನ್ನಾವರದಾಗ ಯಕ್ಷಗಾನಕ್ಕ ಸೈತ ಕಾಲಿಟ್ಟಾರ, ಮಂಥರೆ ಪಾತ್ರ. ಈ ವಯಸ್ಸಿನಾಗ ಹೊಸಾ ಕುಣಿತ ಕಲತು ರಂಗಕ್ಕ ಬರೋದಂದ್ರ ಹುಡುಗಾಟ ಅಲ್ರಿ.

ಭಾಲ್ಕಿ ಹೈದ

ಎಲ್ಲಾರೂ ಗುಲಾಬಿ ಗುಲಾಬಿ ಅಂತೀರಿ, ನಮ್ಮ ಬೀದರ್‌ದವ್ರನ್ನ ಮರತೇ ಬಿಟ್ರಿ. 'ಕನಸೆಂಬೋ ಕುದುರೆಯನೇರಿ' ನೋಡಿಲ್ಲೇನು ಯಾರೂ? 2010ರದ್ದು, ಅದೂ ಕಾಸರವಳ್ಳಿ ಅವ್ರದೇ, ಅಮರೇಶ ನುಗಡೋಣಿ ಅವ್ರ 'ಸವಾರಿ' ಕಥಿ. ಅದರಾಗ ಉಮಾಶ್ರೀ ಅವ್ರು ರುದ್ರಿ, ಆಕಿ ಗಂಡ ಈರ್‍ಯಾ ಅಂದ್ರ ನಮ್ಮ ವೈಜನಾಥ ಬಿರಾದಾರ್ ಸಾಹೇಬ್ರು, ಭಾಲ್ಕಿ ತಾಲೂಕಿನವ್ರು!

ಈರ್‍ಯಾ ಕುಣಿ ತೋಡಾಂವ. ಅವನ ಕನಸಿನಾಗ ಸಿದ್ಧ ಬಂದ್ರ ಊರಾಗ ಯಾರೋ ಸತ್ತಾರಂತನೇ ಅರ್ಥ, ಅವ ಗುದ್ಲಿ ಹೆಗಲಿಗಿ ಹಾಕ್ಕೊಂಡು ಹೊಂಡ್ತಾನ. ಒಂದಿನ ಸಿದ್ಧ ಬಂದಾನ, ಆದ್ರ ಊರಾಗ ಯಾರೂ ಸತ್ತಿಲ್ಲ ಅಂತಾರ. ವಾಡೇದಾಗ ಗೌಡ್ರು ಸತ್ತಿದ್ದನ್ನ ಮುಚ್ಚಿಟ್ಟಾರ, ಈ ಬಡವಗ ತನ್ನ ಕನಸೇ ಸುಳ್ಳಾತೇನೋ ಅಂತ ಸಂಕಟ. ಬಿರಾದಾರ್ ಅವ್ರಿಗಿ ನಾವೆಲ್ಲಾ ನೋಡಿದ್ದು ಕುಡುಕ ಇಲ್ಲಾ ಭಿಕ್ಷುಕನ ಪಾತ್ರ, ಎರಡು ಮಿನಿಟು ಬಂದು ನಗಿಸಿ ಹೋಗೋದು. ಇದರಾಗ ಪೂರಾ ಪಿಚ್ಚರ್ ಹೊತ್ತಾರ, 2011ರಾಗ ಸ್ಪೇನಿನ ಮ್ಯಾಡ್ರಿಡ್‌ದಾಗ ಇಮ್ಯಾಜಿನ್ ಇಂಡಿಯಾ ಫೆಸ್ಟಿವಲ್‌ದಾಗ ಬೆಸ್ಟ್ ಆಕ್ಟರ್ ತಗೊಂಡಾರ. ಭಾಲ್ಕಿ ಎಲ್ಲಿ, ಮ್ಯಾಡ್ರಿಡ್ ಎಲ್ಲಿ!

ಹಳೇ ರೀಲು ಕಾಕಾ ಹೇಳಿದ ಮಾತು ಇಲ್ಲಿ ಕರೆಕ್ಟ್ ಕುಂದರ್ತದ. ರುದ್ರಿ, ಈರ್‍ಯಾ ಇಬ್ರ ಪಾತ್ರ ಮಾಡಿದವ್ರನ್ನೂ ಕಾಮಿಡಿ ಕೋಟಾದಾಗ ಹಾಕಿ ಮೂಲಿಗಿ ಕುಂದ್ರಿಸಿದ್ದ ಮಂದಿ ನಾವೇ. ಅಂಥಾ ಇಬ್ರನ್ನ ತಂದು ಒಂದೇ ಗುಡಿಸಲ್ದಾಗ ಗಂಡ ಹೆಂಡ್ತಿ ಮಾಡಿದ್ರ ಹೆಂಗಿರ್ತದ ನೋಡ್ರಿ. ರುದ್ರಿ ಗಂಡನ ಜೋಡಿ ವಟವಟ ಮಾಡೋದು, ಬೈಕೋತನೇ ಅವನ ಕಾಳಜಿ ಮಾಡೋದು, ನಮ್ ಮನ್ಯಾಗ ನಮ್ಮವ್ವ ನಮ್ಮಪ್ಪಗ ಮಾಡ್ದಂಗೇ ಅದ. 2009ರ ಸಾಲಿನ ಬೆಸ್ಟ್ ಕನ್ನಡ ಪಿಚ್ಚರ್ ನ್ಯಾಶನಲ್ ಅವಾರ್ಡೂ ಇದಕ್ಕೇ, ಸ್ಕ್ರೀನ್‌ಪ್ಲೇಗೂ ಬಂದಾದ.

ಖಡಕ್ ಮಾತು, ಸುರಪುರ

ಎಲ್ಲಾ ಛಲೋ ಬರದೀರಿ ಆದ್ರ ನಾ ಒಂದ್ ಮಾತ ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನ್ಯಾಶನಲ್ ಅವಾರ್ಡ್ ತಗೊಂಡಾಕಿ, ಮಂತ್ರಿ ಆಗಿದ್ದಾಕಿ, ದಿನಾ ಸಂಜಿಕಿ ಸೀರಿಯಲ್‌ದಾಗ ಕುಂತು ಅದೇ ಸವತಿ ಜಗಳ, ಅದೇ ಬಂಗಾರಮ್ಮ, ಅದೇ ರಾಜಿ ಅನ್ನೋ ಪಾತ್ರಗಳು, ಒಂದು ಮಾತಿಗಿ ಕ್ಯಾಮೆರಾ ನಾಕ್ ಕಡಿಯಿಂದ ತಿರಗಿ ಡಬ್ ಡಬ್ ಮ್ಯೂಸಿಕ್ಕು. ಇದು ಟ್ಯಾಲೆಂಟ್ ವೇಸ್ಟ್ ಅಲ್ದ ಮತ್ತೇನು? ವರ್ಷಕ್ಕ ಒಂದೇ ಗುಲಾಬಿ ಮಾಡ್ಲಿ ಸಾಕು.

ರಂಗದ ಹುಚ್ಚಿ, ಕಲಬುರಗಿ

ಖಡಕ್ ಮಾತು ಅಣ್ಣಾರ, ವರ್ಷಕ್ಕೊಂದು ಗುಲಾಬಿ ಬರ್ದು ಕೊಡೋರು ಯಾರ್ರಿ? ಅರವತ್ತು ದಾಟಿದ ಹೆಣ್ಮಗಳನ್ನ ನಡುವ ಇಟ್ಟು ಪಿಚ್ಚರ್ ಮಾಡೋರು ಎಷ್ಟ್ ಮಂದಿ ಅದಾರ ಕನ್ನಡದಾಗ? ಹೀರೋಗ ತಾಯಿ, ದೇವರ ಫೋಟೋ ಮುಂದ ದೀಪ ಹಚ್ಚೋದು, ಎರಡನೇ ಹಾಫ್‌ದಾಗ ಆಸ್ಪತ್ರಿ ಮಂಚ, ಇಷ್ಟೇ ಅಲ್ಲೇನ್ರಿ. ಸೀರಿಯಲ್‌ದವ್ರು ಕಡಿಗೂ ಟೈಟಲ್‌ದಾಗೇ ಆಕಿ ಪಾತ್ರದ ಹೆಸರಿಟ್ಟಾರ. ಮ್ಯೂಸಿಕ್ ಜಾಸ್ತಿ ಆಗ್ತದ, ಎಳೀತಾರ, ಅದು ನನಗೂ ತ್ರಾಸೇ. ಆದ್ರ ದಿನಕ್ಕ ಎಷ್ಟೋ ಸೀನು, ತಾಲೀಮಿಗಿ ಟೈಮಿಲ್ಲ, ಸ್ಕ್ರಿಪ್ಟು ಕೈಗಿ ಬರೋದೇ ತಡಾ, ಅದರಾಗ ಪಾತ್ರ ಕೆಡದಂಗ ವರ್ಷಗಟ್ಟಲೆ ಹಿಡ್ಕೊಂಡು ಹೋಗೋದು ಪಿಚ್ಚರ್‌ಕಿಂತ ಕಠಿಣ ಅಂತ ನಾ ಅಂತೀನಿ. ಊಟಕ್ಕ ಬಂದವ್ರಿಗಿ ಪುಟ್ಟಕ್ಕ ಬಡಸೋದು ನೋಡ್ರಿ, ಕೈ ಬಡಸ್ತಿರ್ತದ, ಕಿವಿ ಇನ್ನೊಂದ್ ಕಡಿ ಮಾತಿನ ಮ್ಯಾಲ ಇರ್ತದ. ನಮ್ ಕಡಿ ಖಾನಾವಳಿ ಅಕ್ಕಂದಿರು ಥೇಟ್ ಹಂಗೇ.

ಮಂತ್ರಿ ಆಗಿದ್ದು 2013ರಿಂದ 2018, ತೇರದಾಳದಿಂದ ಗೆದ್ದು. ಕನ್ನಡ ಸಂಸ್ಕೃತಿ, ಮಹಿಳಾ ಮತ್ತ ಮಕ್ಕಳ ಕಲ್ಯಾಣ ಖಾತೆ. ಅದು ಮುಗದಮ್ಯಾಲ ಬ್ಯಾರೆಯವ್ರಾಗಿದ್ರ ಮಾಜಿ ಸಚಿವೆ ಅಂತ ಕಾರಿನಾಗ ತಿರಗ್ತಿದ್ರು. ಇವ್ರು 'ಶರ್ಮಿಷ್ಠೆ' ಅಂತ ಏಕವ್ಯಕ್ತಿ ನಾಟಕ ತಗೊಂಡು ರಂಗಕ್ಕ ವಾಪಸ್ ಬಂದ್ರು. ಒಬ್ರೇ, ಪೂರಾ ನಾಟಕ. ಒಂದೂವರಿ ಪುಟದ ಮಾತು ಬಾಯಿಪಾಠ ಮಾಡ್ಲಿಕ್ಕೆ ನಮ್ಮ ಗ್ರೂಪಿನ ಹುಡುಗ್ರು ಹತ್ತು ನೆವಾ ಹೇಳ್ತಾರ.

ತಂಗಿ, ನೀ ಒಬ್ಬಾಕಿ ನೋಡೂವಂಥದ್ದು ಕೇಳಿದ್ದಿಲ್ಲ, 'ಕೊಟ್ರೇಶಿ ಕನಸು' ನೋಡು, 1994ರದ್ದು. ಕುಂ. ವೀರಭದ್ರಪ್ಪ ಅವ್ರ ಕಥಿ, ನಾಗತಿಹಳ್ಳಿ ಚಂದ್ರಶೇಖರ್ ನಿರ್ದೇಶನ. ಓದಬೇಕನ್ನೋ ದಲಿತ ಹುಡುಗನ ಪಾತ್ರ ಸಣ್ಣ ವಿಜಯ ರಾಘವೇಂದ್ರ ಮಾಡ್ಯಾನ, ಕರಿಬಸವಯ್ಯ ಅವ್ರು, ಉಮಾಶ್ರೀ ಅವ್ರು ಇಬ್ರೂ ಅದಾರ. ಗುಲಾಬಿಕಿಂತ ಹದಿನಾಕು ವರ್ಷ ಮದಲಿಂದು. ಅವಾರ್ಡ್ ಬಂದಮ್ಯಾಲ ದೊಡ್ಡಾಕಿ ಆದ್ಳು ಅನ್ನೋ ನಿಮ್ಮಣ್ಣಗ ಇದನ್ನೇ ಮದಲ ತೋರ್ಸು.

ತೊಗರಿನಾಡ ತಂಗಿ, ಕಲಬುರಗಿ

ಅಯ್ಯಯ್ಯ ಇಷ್ಟೆಲ್ಲಾ ಬರೀತೀರಿ ಅನ್ಕೊಂಡಿದ್ದಿಲ್ರಿ, ಎಲ್ಲರಿಗೂ ಶರಣಾರ್ಥಿ. ನಿನ್ನಿ ರಾತ್ರಿ ಅವ್ವಗ ಪುಟ್ನಂಜ ಹಚ್ಚಿ ಕೊಟ್ಟಿದ್ದೆ. ಅಜ್ಜಿ ಬಂದಾಗ ನಕ್ಕೋತ ನಕ್ಕೋತ "ಈ ಮುದುಕಿ ಯಾರ್ವಾ, ಭಾಳ ಜೋರ್ ಅದಾಳ" ಅಂದ್ಳು. ಈ ಸಲ ನಾ ಹೇಳಲೇ ಇಲ್ಲ. ಅಣ್ಣ ಹಿಂದ ಕುಂತು ಮೊಬೈಲ್ ನೋಡ್ಲಾಕತ್ತಿದ್ದ, ಅವನೂ ನಕ್ಕ, ನಕ್ಕಿಲ್ಲ ಅಂತ ವಾದಾ ಬ್ಯಾರೆ.

ಭಾಲ್ಕಿ ಅಣ್ಣಾರ, ರುದ್ರಿ ಪಿಚ್ಚರ್ ಅವ್ವಗ ನಡೀತದೇನ್ರಿ? ಭಾಳ ನಿಧಾನ ಇದ್ರ ಆಕಿ ಎದ್ದು ಹೋಗ್ತಾಳ.

ಭಾಲ್ಕಿ ಹೈದ

ನಿಧಾನ ಅದ, ಸುಳ್ಳು ಯಾಕ್ ಹೇಳ್ಲಿ. ಅದೂ ಅಲ್ದ ಒಂದೇ ಘಟನಾ ಮದಲ ಗುಡಿಸಲ ಕಡಿಯಿಂದ, ಆಮ್ಯಾಲ ವಾಡೇ ಕಡಿಯಿಂದ ತೋರಸ್ತಾರ, ಜರಾ ಗಮನ ಇಟ್ಟು ನೋಡ್ಬೇಕು. ನೀವು ನೋಡ್ರಿ. ಅವ್ವಗ ಬಿರಾದಾರ್ ಸಾಹೇಬ್ರದು '90 ಬಿಡಿ ಮನೀಗ್ ನಡಿ' ಹಚ್ರಿ, 2023ರಾಗ ಬಂದಾದ, ಅವ್ರ 500ನೇ ಪಿಚ್ಚರ್. ಉಮಾಶ್ರೀ ಅವ್ರು ಅದರಾಗ ಇಲ್ಲ, ಆದ್ರ ಆ ವಯಸ್ಸಿನಾಗ ಮುದುಕಪ್ಪನ ಡ್ಯಾನ್ಸ್ ಅದ, ಅದು ನೋಡಿ ಎದ್ದು ಹೋದ್ರ ನನಗ ಕೇಳ್ರಿ.

ಖಡಕ್ ಮಾತು, ಸುರಪುರ

ಕೊಟ್ರೇಶಿ ಕನಸು ಪ್ರಿಂಟ್ ಕ್ಲಿಯರ್ ಇರೋದು ಯಾರ ಹಂತೇಕಾದ್ರೂ ಇದ್ರ ಎಲ್ಲದ ಹೇಳ್ರಿ. ಸೀರಿಯಲ್ ವಿಷಯದಾಗ ನಾ ನನ್ ಮಾತಿಗೇ ಅದೀನಿ ಮತ್ತ.