ಹಗಲಿರುಳು ಠಾಣೆಯಲ್ಲೇ ಇದ್ದ ನ್ಯೂಯಾರ್ಕ್ ಅಗ್ನಿಶಾಮಕರ ಸಂಸಾರ ಹೇಗೆ ಸಾಗುತ್ತಿತ್ತು?

ಪ್ರಶ್ನೆ:
ನಮಸ್ಕಾರ. 1900ರಿಂದ 1920ರವರೆಗಿನ ನ್ಯೂಯಾರ್ಕ್ ನಗರದ ಬಗ್ಗೆ ಓದುತ್ತಿದ್ದೇನೆ. ಅಲ್ಲಿನ ಅಗ್ನಿಶಾಮಕರಿಗೆ ಪಾಳಿ ಎಂಬುದೇ ಇರಲಿಲ್ಲ, ಹಗಲೂ ರಾತ್ರಿ ಠಾಣೆಯಲ್ಲೇ ಇರಬೇಕಿತ್ತು ಎಂದು ತಿಳಿಯಿತು. ಹಾಗಿದ್ದರೆ ಹೆಂಡತಿ ಮಕ್ಕಳಿದ್ದವರು ಮನೆಗೆ ಹೋಗುತ್ತಿದ್ದುದು ಯಾವಾಗ? ಬೆಂಕಿ ಬೀಳದ ಹೊತ್ತಿನಲ್ಲಿ ಅವರಿಗೆ ಕೆಲಸವೇನಿರುತ್ತಿತ್ತು? ತಿಳಿದವರು ವಿವರಿಸಬೇಕಾಗಿ ವಿನಂತಿ.

ಉತ್ತರ 1:
ನೀವು ಓದಿದ್ದು ಸರಿ. ಎರಡು ಪಾಳಿಗಳ ಪದ್ಧತಿ ಜಾರಿಗೆ ಬರುವವರೆಗೂ ಅವರದು ನಿರಂತರ ಕರ್ತವ್ಯ. ಮೂರು ಹೊತ್ತಿನ ಊಟಕ್ಕೆಂದು, ಹೊತ್ತಿಗೊಂದರಂತೆ, ದಿನಕ್ಕೆ ಸುಮಾರು ಮೂರು ಗಂಟೆಗಳ ಬಿಡುವು ಸಿಗುತ್ತಿತ್ತು. ಅದೂ ಠಾಣೆ ಬರಿದಾಗದಂತೆ ಸರದಿಯ ಮೇಲೆ. ಮನೆ ದೂರವಿದ್ದರೆ ಆ ಒಂದು ಗಂಟೆ ನಡೆದು ಹೋಗಿ ಬರುವುದರಲ್ಲೇ ಕಳೆದುಹೋಗುವುದರಿಂದ, ಸಂಸಾರಸ್ಥನಿಗೆ ಠಾಣೆಯ ಆಸುಪಾಸಿನಲ್ಲೇ ಬಾಡಿಗೆ ಮನೆ ಬೇಕಾಗುತ್ತಿತ್ತು. ಹೆಂಡತಿ ಮಕ್ಕಳ ಪಾಲಿಗೆ ಆತ ಉಂಡು ಹೋಗಲು ಬರುವ ನೆಂಟನಂತಿದ್ದ. ಮಕ್ಕಳ ಕಾಯಿಲೆ, ಶಾಲೆ, ಮನೆ ಬಾಡಿಗೆ ಎಲ್ಲವೂ ತಾಯಿಯ ತಲೆಯ ಮೇಲೆಯೇ ಬೀಳುತ್ತಿತ್ತೆಂದು ಬೇರೆ ಹೇಳಬೇಕಿಲ್ಲ. ಇಷ್ಟಾದರೂ ಐರಿಷ್ ಮನೆತನಗಳಲ್ಲಿ ತಂದೆಯ ಹಿಂದೆ ಮಗನೂ ಇದೇ ಕೆಲಸಕ್ಕೆ ಸೇರುವುದು ವಾಡಿಕೆಯಾಗಿತ್ತು. ಸರ್ಕಾರಿ ಸಂಬಳ, ಪಿಂಚಣಿಗಳ ಆಕರ್ಷಣೆ ಸಣ್ಣದೇನಲ್ಲ.

ಉತ್ತರ 2:
ಠಾಣೆಯ ಕೆಲಸದ ಬಗ್ಗೆ ಹೇಳುತ್ತೇನೆ. ಅದರಲ್ಲಿ ಹೆಚ್ಚಿನ ಪಾಲು ಕುದುರೆಗಳ ಚಾಕರಿಯೇ: ಮೈ ಉಜ್ಜುವುದು, ಮೇವು ಹಾಕುವುದು, ಲದ್ದಿ ಬಳಿಯುವುದು. ಒಬ್ಬ ಸದಾ ಕಾವಲಿನಲ್ಲಿ ಕುಳಿತು ತಂತಿಯ ಗಂಟೆಗೆ ಕಿವಿಗೊಟ್ಟಿರಬೇಕು. ಉದಾಹರಣೆಗೆ, ಬೆಂಕಿಯ ಸುದ್ದಿ ಮುಟ್ಟಿಸಲು ಬೀದಿಯಲ್ಲಿಟ್ಟಿದ್ದ 235ನೇ ಪೆಟ್ಟಿಗೆಯಿಂದ ಕರೆ ಬಂದರೆ ಗಂಟೆ ಎರಡು ಸಲ, ತಡೆದು ಮೂರು ಸಲ, ಮತ್ತೆ ತಡೆದು ಐದು ಸಲ ಬಡಿಯುತ್ತಿತ್ತು. ಗಂಟೆ ಕೇಳಿದೊಡನೆ ಪಳಗಿದ ಕುದುರೆಗಳು ತಾವಾಗಿಯೇ ಬಂದು ಬಂಡಿಯ ಮುಂದೆ ನಿಲ್ಲುತ್ತಿದ್ದವು. ಸೂರಿನಿಂದ ತೂಗುಬಿಟ್ಟಿದ್ದ ಸಜ್ಜು ಅವುಗಳ ಬೆನ್ನಿನ ಮೇಲೆ ಇಳಿಯುತ್ತಿತ್ತು, ಕೊರಳಪಟ್ಟಿ ಸಿಕ್ಕಿಸಿದರೆ ಹೊರಟಂತೆಯೇ. ಉಗಿ ಪಂಪಿನ ಬಾಯ್ಲರಿಗೆ ಠಾಣೆಯಲ್ಲಿರುವಾಗಲೇ ಬಿಸಿನೀರಿನ ಕೊಳವೆ ಜೋಡಿಸಿಟ್ಟಿರುತ್ತಿದ್ದರು, ಇಲ್ಲವಾದರೆ ಉಗಿ ಏಳುವುದಕ್ಕೆ ಕಾಯುತ್ತ ಕೂರಬೇಕಾಗುತ್ತಿತ್ತು. ಮಹಡಿಯಲ್ಲಿ ಮಲಗಿದ್ದವರು ಕಂಬ ಹಿಡಿದು ಜಾರಿ ಇಳಿಯುತ್ತಿದ್ದರು. ಆ ಉಪಾಯ 1878ರಲ್ಲಿ ಶಿಕಾಗೋದಲ್ಲಿ ಹುಟ್ಟಿದ್ದು. ನ್ಯೂಯಾರ್ಕಿನ ಅಗ್ನಿಶಾಮಕ ಕುದುರೆಗಳ ಕೊನೆಯ ಓಟ 1922ರ ಡಿಸೆಂಬರ್ 20ರಂದು ಬ್ರೂಕ್ಲಿನ್ನಿನಲ್ಲಿ ನಡೆಯಿತು.

ಉತ್ತರ 3:
ಅಪಾಯದ ಮಾತನ್ನೂ ಸೇರಿಸಬೇಕು. 1911ರ ಮಾರ್ಚ್ 25ರಂದು ಟ್ರಯಾಂಗಲ್ ಉಡುಪು ಕಾರ್ಖಾನೆಯಲ್ಲಿ ಬೆಂಕಿ ಹತ್ತಿದ್ದು 8, 9 ಮತ್ತು 10ನೇ ಮಹಡಿಗಳಲ್ಲಿ. ಇಲಾಖೆಯ ಏಣಿ ಅಷ್ಟೆತ್ತರಕ್ಕೆ ಮುಟ್ಟಲಿಲ್ಲ, ಹಿಡಿದ ಬಲೆಗಳು ಮೇಲಿನಿಂದ ಜಿಗಿದವರ ಭಾರಕ್ಕೆ ಹರಿದವು. 146 ಮಂದಿ ಸತ್ತರು. ಮುಖ್ಯಸ್ಥ ಎಡ್ವರ್ಡ್ ಕ್ರೋಕರ್ ಅದೇ ವರ್ಷ ಹುದ್ದೆ ಬಿಟ್ಟು ಬೆಂಕಿ ತಡೆಯುವ ಕೆಲಸಕ್ಕೆ ಇಳಿದರು. ಮರು ಜನವರಿಯಲ್ಲಿ ಈಕ್ವಿಟಬಲ್ ವಿಮಾ ಕಂಪನಿಯ ಕಟ್ಟಡ ಉರಿದಾಗ, ಸುರಿದ ನೀರು ಹೆಪ್ಪುಗಟ್ಟುವಂಥ ಚಳಿಯಲ್ಲಿ, ಬೆಟಾಲಿಯನ್ (ಹಲವು ಠಾಣೆಗಳ ಗುಂಪು) ಮುಖ್ಯಸ್ಥ ವಿಲಿಯಂ ವಾಲ್ಶ್ ಪ್ರಾಣ ಬಿಟ್ಟರು. ನಗರದ ರಿವರ್‌ಸೈಡ್ ಡ್ರೈವ್ ರಸ್ತೆಯಲ್ಲಿ 1913ರಲ್ಲಿ ಅನಾವರಣಗೊಂಡ ಅಗ್ನಿಶಾಮಕರ ಸ್ಮಾರಕದಲ್ಲಿ ಸತ್ತ ಅಗ್ನಿಶಾಮಕನನ್ನು ಹೆಂಗಸೊಬ್ಬಳು ಆತುಕೊಂಡಿರುವ ಶಿಲ್ಪವಿದೆ.

ಸಂಸಾರದ ವಿವರ ಬೇಕಿದ್ದರೆ 1910ರ ಅಮೆರಿಕದ ಜನಗಣತಿಯ ಹಾಳೆಗಳನ್ನು ನೋಡಿ. ಬೀದಿ, ಮನೆ ಸಂಖ್ಯೆ, ಉದ್ಯೋಗ, ಮಕ್ಕಳ ವಯಸ್ಸು ಎಲ್ಲವೂ ಅಲ್ಲಿ ಸಿಗುತ್ತವೆ. ಠಾಣೆಗಳ ವಿಳಾಸದೊಂದಿಗೆ ಹೋಲಿಸಿದರೆ ಯಾರ ಮನೆ ಎಷ್ಟು ಹತ್ತಿರವಿತ್ತೆಂದು ನೀವೇ ಅಳೆಯಬಹುದು.